ಕರಿ ಕಂಬಳಿಯ ಮೇಲೆ ಹಳದಿ ಚುಕ್ಕಿ

ಮೂರು ಸಲ ಹಿಂಡಿದರೂ ಬಟ್ಟೆಯಲ್ಲಿ ಇನ್ನೂ ನೀರಿದೆ ಎಂದು ಮಾಯವ್ವನಿಗೆ ಅನುಮಾನ. ಕೆನ್ನೆಗೆ ಒತ್ತಿ ನೋಡುತ್ತಾಳೆ. ತಂಪು ಹತ್ತಬೇಕು, ಹಸಿ ಹತ್ತಬಾರದು. ಇನ್ನೊಮ್ಮೆ ಹಿಂಡಿ, ಕೊಡವಿ, ಕಂಪ್ಯೂಟರಿನ ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಒರೆಸುತ್ತಾಳೆ. ಸುತ್ತಿಸಿ ಒರೆಸುವ ಪದ್ಧತಿ ಆಕೆಯದಲ್ಲ. ಸುತ್ತಿಸಿದರೆ ದೂಳು ಅಲ್ಲಿಯೇ ತಿರುಗಿ ಕೂರುತ್ತದಂತೆ. ಒರೆಸಿದ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಪೇಪರಿಗೆ ಬರೆಯಲು ಬಂದ ನನಗೆ ತೋರಿಸುತ್ತಾಳೆ. ಅದು ಆಕೆಯ ಮಾವ ಉಟ್ಟು ಹಳತಾದ ಧೋತರದ ತುಂಡು. ಅದರ ತುಂಬ ಹತ್ತಿಯ ನವಿರು, ಬೂದಿಯ ಹಾಗೆ.

"ನೋಡ್ರಿ ಆಯಿ, ಇದು ಒಂದ ದಿನದ್ದು. ಮಗ್ಗ ಚಾಲೂ ಆದ್ವಂದ್ರ ಊರಾಗಿನ ದೂಳಿನೆಲ್ಲಾ ಈ ಡಬ್ಬಿ ತನ್ನ ಕಡೆ ಎಳಕೋತೈತಿ. ಲಗ್ನದ ಮನ್ಯಾಗ ಬುಂದೆದ ಬುಟ್ಟಿಗೆ ಹುಡುಗೂರು ಮುಕರದಂಗ."

ಬನಹಟ್ಟಿಯ ಈ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಮಗ್ಗ ಎದ್ದು ಖಟಪಟ ಅನ್ನುತ್ತದೆ, ಅದರ ಸದ್ದಿಗೆ ಪಕ್ಕದ್ದು ಏಳುತ್ತದೆ. ಓಣಿ ಪೂರಾ ಎದ್ದ ಮೇಲೆ ಗಾಳಿಯಲ್ಲಿ ಹತ್ತಿ ಹಾರತೊಡಗುತ್ತದೆ. ಅಷ್ಟರೊಳಗೆ ಮಾಯವ್ವ ನೆಲಕ್ಕೆ ನೀರು ಚಿಮುಕಿಸಿ ಕಸ ಹೊಡೆದಿರಬೇಕು, ಕಿಟಕಿಗೆ ಕಂಬಳಿ ಇಳಿಬಿಟ್ಟಿರಬೇಕು, ಮೂರೂ ಕಂಪ್ಯೂಟರಿನ ಪರದೆಗಳನ್ನು ಒರೆಸಿ ಅವುಗಳ ಬಣ್ಣ ಹೊಂದಿಸಿರಬೇಕು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದಿರುವುದು ‘ರಟ್ಟು ತೂತು ಹೊಡೆಯುವವರು’ ಎಂದು. ಪರದೆಯ ಕೆಲಸಕ್ಕೆ ಹೆಸರೂ ಇಲ್ಲ, ಯಾರೂ ಹಚ್ಚಿದ್ದೂ ಅಲ್ಲ.

ಇದು ಪರಮಾನಂದ ಸಾವಕಾರರ ಡಿಸೈನ್ ಅಂಗಡಿ. ಸೀರೆಯ ದಡಿ, ಸೆರಗಿನ ಚಿತ್ರವನ್ನು ಇಲ್ಲಿ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಿಡಿಸುತ್ತಾರೆ. ಒಬ್ಬರು ಪರದೆಯ ಮುಂದೆ ಕೂತು ಚೌಕಗಳನ್ನು ಸಾಲುಸಾಲಾಗಿ ಓದಿ ಹೇಳುತ್ತಾರೆ. ಚುಕ್ಕಿ ಇದ್ದಲ್ಲಿ ‘ಎತ್ತು’, ಇಲ್ಲದಲ್ಲಿ ‘ಬಿಡು’. ಮಾಯವ್ವ ಹಾರ್ಮೋನಿಯಂನಂಥ ಯಂತ್ರದ ಮುಂದೆ ಕೂತು ಆ ಮಾತಿಗೆ ತಕ್ಕಂತೆ ಬೆರಳು ಒತ್ತಿ, ಕಾಲಿನಿಂದ ಮೆಟ್ಟಿ, ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಾಳೆ. ಆ ಪಟ್ಟಿಗಳ ಮಾಲೆ ಮಗ್ಗದ ತಲೆಯ ಮೇಲೆ ಏರುತ್ತದೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಹೂವು ಅರಳುತ್ತದೆ. ರಬಕವಿ, ಬನಹಟ್ಟಿ, ತೇರದಾಳದ ಎಷ್ಟೋ ಮಗ್ಗಗಳಿಗೆ ಮಾಲೆ ಹೋಗುವುದು ಇಲ್ಲಿಂದಲೇ. ದಿನಕ್ಕೆ ಮುನ್ನೂರು ಪಟ್ಟಿ ಇಳಿದರೆ ಆ ದಿನ ಛಲೋ ದಿನ. ಈಗೀಗ ಪಟ್ಟಣಗಳಲ್ಲಿ ತೂತನ್ನೂ ಕಂಪ್ಯೂಟರೇ ಹೊಡೆಯುತ್ತದಂತೆ. ಇಲ್ಲಿಗೆ ಕಂಪ್ಯೂಟರ್ ಬಂದಿದೆ, ತೂತು ಹೊಡೆಯುವುದು ಇನ್ನೂ ಮಾಯವ್ವನ ಬೆರಳೇ.

ಓದಿ ಹೇಳುವವರು ಸಿದರಾಯ. ಅರವತ್ತು ದಾಟಿದ ನೇಕಾರ. ಕಂಪ್ಯೂಟರ್ ಬರುವುದಕ್ಕಿಂತ ಮುಂಚೆ ಚೌಕದ ಕಾಗದ ನೋಡಿ ಓದುತ್ತಿದ್ದರು. ಅದನ್ನೂ ಸೇರಿಸಿದರೆ ಮೂವತ್ತು ವರ್ಷ. ಅವರು ಹೊಸ್ತಿಲು ದಾಟುವಾಗಲೇ ಮಾತು ಶುರು.

"ಏನ್‌ಬೇ ಮಾಯವ್ವ, ಡಬ್ಬಿ ಮಾರಿ ತೊಳದೇನ?"

"ತೊಳದೇನಿ ಕಾಕಾ. ನಿಂದ ತೊಳಕೊಂಡ ಬಂದೀಯೋ ಇಲ್ಲೋ?"

"ಕುರಿ ಕಾಯೂದು ಬಿಟ್ಟು ಕಂಪ್ಯೂಟರ್ ಕಾಯಾಕ ಬಂದಾಳ್ರೀ ಈಕಿ," ಎಂದು ಸಿದರಾಯ ನನ್ನ ಕಡೆ ತಿರುಗುತ್ತಾರೆ.

"ಕುರಿನ ಛಲೋ ಇದ್ದು ಕಾಕಾ. ಕರದ್ರ ಬರತಿದ್ದು."

ಕುರಿಯ ಮಾತು ಬರೇ ಹಾಸ್ಯವಲ್ಲ. ಮಾಯವ್ವನನ್ನು ಕೊಟ್ಟದ್ದು ಬೀಳಗಿ ತಾಲೂಕಿನ ಒಂದು ಹೊಳೆದಂಡೆಯ ಊರಿಗೆ. ಬೀರಪ್ಪನ ಒಕ್ಕಲು, ಹೊಲಕ್ಕಿಂತ ಹೆಚ್ಚಾಗಿ ದಂಡೆಯ ಹುಲ್ಲನ್ನು ನಂಬಿದ ಮನೆ. ಅಣೆಕಟ್ಟಿನ ಹಿನ್ನೀರು ಏರಿ ಊರು ಎದ್ದಾಗ ಪರಿಹಾರಕ್ಕೆಂದು ಮನೆಗೆ ಅಳತೆ ಇತ್ತು, ಹೊಲಕ್ಕೆ ಅಳತೆ ಇತ್ತು, ಹುಲ್ಲಿಗೆ ಮಾತ್ರ ಯಾರೂ ಅಳತೆಪಟ್ಟಿ ಹಿಡಿಯಲಿಲ್ಲ. ಕುರಿ ಒಂದೊಂದೇ ಕೈಬಿಟ್ಟವು. ಗಂಡ ಮಾಳು ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿದ. ಹಂಗಾಮಿನಲ್ಲಿ ಆತ ಮನೆಗೆ ಬರುವುದು ಬಟ್ಟೆ ಬದಲಿಸಲು. ಬನಹಟ್ಟಿಯಲ್ಲಿದ್ದ ಅಕ್ಕನ ಮನೆಯ ಹಿಂದಿನ ಕೋಣೆಗೆ ಮಾಯವ್ವ ಬಂದು ಈಗ, ಈ ೨೦೦೯ಕ್ಕೆ, ಒಂಬತ್ತು ವರ್ಷ. ಮೊದಲು ಈ ಅಂಗಡಿಯಲ್ಲಿ ಕಸ ಹೊಡೆಯುತ್ತಿದ್ದಳು. ತೂತು ಹೊಡೆಯುವಾಕೆ ಹೆರಿಗೆಗೆ ಹೋದಾಗ ಆಕೆಯ ಜಾಗದಲ್ಲಿ ಕೂತಳು. ಆಕೆ ತಿರುಗಿ ಬರಲಿಲ್ಲ, ಈಕೆ ಏಳಲಿಲ್ಲ.

ಇಲ್ಲಿಂದ ಮುಂದಿನ ಸಂಗತಿಯನ್ನು ಇಬ್ಬರೂ ನನಗೆ ಹೇಳಿದ್ದು ಎಲ್ಲ ಬಯಲಿಗೆ ಬಂದ ಮೇಲೆ. ಬಯಲಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಮದುವೆಯ ಹಂಗಾಮಿನಲ್ಲಿ ಒಂದು ದಡಿ ಬಂದಿತ್ತು. ಬಳ್ಳಿ, ಬಳ್ಳಿಯ ಕೆಳಗೆ ಮುತ್ತಿನ ಸಾಲು. ಸಿದರಾಯ ಓದಿದರು, ಮಾಯವ್ವ ಹೊಡೆದಳು, ಮಾಲೆ ಮಗ್ಗಕ್ಕೆ ಹೋಯಿತು. ನಾಲ್ಕು ದಿನಕ್ಕೆ ನೇಕಾರ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಬಂದ. "ಇದ್ಯಾವ ಮುತ್ತರೀ? ಒಂಟಿ ನಿಂತೈತಿ, ಮುನಿಸಿಕೊಂಡ ಸೊಸಿ ನಿಂತಂಗ!" ಸಾಲು ಬಿಟ್ಟು ಮೇಲೆ, ಬಳ್ಳಿಯ ನಡುವೆ, ಒಂದು ಮುತ್ತು. ಗೇಣಿಗೊಮ್ಮೆ ಅದೇ ಮುತ್ತು. ಸಾವಕಾರರು ಪರದೆ ತೆರೆದು ನೋಡಿದರೆ ಅಲ್ಲಿ ಮುತ್ತೇ ಇಲ್ಲ. ಹಾಗಾದರೆ ತಪ್ಪು ತೂತು ಹೊಡೆದವಳದು. ಮಾಯವ್ವ ತಲೆ ಬಗ್ಗಿಸಿ ಬೈಸಿಕೊಂಡಳು.

ಆಕೆಗೆ ಹೊಳೆದಿತ್ತು. ಆ ದಿನ ಪರದೆಯ ಮೇಲೆ ಕೂತದ್ದು ಮುತ್ತಲ್ಲ, ಹತ್ತಿಯ ನವಿರು. ದಿನಾ ನವಿರು ಕೂರುತ್ತಿತ್ತು, ದಿನಾ ಸಿದರಾಯ ಅದನ್ನು ಉಫ್ ಎಂದು ಊದಿ ಓದುತ್ತಿದ್ದರು. ಆ ದಿನ ನವಿರು ಯಾವುದು, ಚುಕ್ಕಿ ಯಾವುದು ಎಂದು ಅವರಿಗೆ ಬೇರ್ಪಡಿಸಲು ಆಗಿರಲಿಲ್ಲ.

"ನನ್ನ ತಪ್ಪು ನಿನ್ನ ಮ್ಯಾಲೆ ಯಾಕ ಹಾಕೊಂಡಿ?" ಎಂದು ಸಿದರಾಯ ಸಂಜೆ ಕೇಳಿದರಂತೆ.

"ಒರಸೂದು ನನ್ನ ಕೆಲಸ ಕಾಕಾ. ಅವತ್ತ ಒರಸಿರಲಿಲ್ಲ. ಅರ್ಧಾ ತಪ್ಪು ನಂದೂ ಐತಿ. ಉಳಿದರ್ಧಾ ಏನಾಗೇತಿ, ಅದನ್ನ ನೀ ಹೇಳು."

ಅವರು ಹೇಳಿದರು. ಸಕ್ಕರೆ ಬೇನೆ ಕಣ್ಣಿನ ಒಳಗನ್ನು ತಿಂದಿದೆ. ಜಮಖಂಡಿಯ ಕಣ್ಣಿನ ಡಾಕ್ಟರರು ಹೇಳಿದ್ದು ಇಷ್ಟು: ಇದು ಪೊರೆಯಲ್ಲ, ತೆಗೆದುಹಾಕಲು ಬರುವುದಿಲ್ಲ. ಕನ್ನಡಕ ದಪ್ಪ ಮಾಡಿದರೂ ಆಗುವುದಿಲ್ಲ. ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು. ಮನೆಯಲ್ಲಿ ಹೆಂಡತಿಗೆ ಗೊತ್ತು. ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ.

"ಬಿಳಿ ಪರದಿ ಅಂದ್ರ ನನಗ ಬ್ಯಾಸಗಿ ಮಧ್ಯಾಹ್ನದಾಗ ಸುಣ್ಣದ ಗ್ವಾಡಿ ನೋಡಿದಂಗ್ರೀ," ಎಂದು ಸಿದರಾಯ ನನಗೆ ವಿವರಿಸುತ್ತಾರೆ. "ಗ್ವಾಡಿ ಕಾಣತೈತಿ. ಗ್ವಾಡಿ ಮ್ಯಾಲಿನ ಇರುವಿ ಕಾಣೂದಿಲ್ಲ. ನನ್ನ ಕೆಲಸ ಇರೂದ ಇರುವಿ ನೋಡೂದು."

ಓದಿ ಹೇಳುವ ಕುರ್ಚಿ ಬಿಟ್ಟರೆ ಅವರಿಗೆ ಬೇರೆ ಜಾಗವಿಲ್ಲ. ಮಗ್ಗಕ್ಕೆ ತಿರುಗಿ ಹೋಗಲು ಕಾಲಲ್ಲಿ ಬಲವಿಲ್ಲ. ಮನೆಯಲ್ಲಿ ಕೂರಬಹುದು, ಅನ್ನಕ್ಕೆ ಕೊರತೆ ಇಲ್ಲ, ಮಗಳು ಅಳಿಯ ಪಕ್ಕದಲ್ಲೇ ಇದ್ದಾರೆ. ಆದರೆ ಊರಿನ ಅರ್ಧ ಮಗ್ಗಗಳ ಮೇಲೆ ತಾನು ಓದಿದ ಹೂವು ಏಳುತ್ತದೆ ಎಂದು ಓಣಿಯಲ್ಲಿ ತಲೆಯೆತ್ತಿ ನಡೆಯುವ ಮನುಷ್ಯ, ಕಟ್ಟೆಯ ಮೇಲೆ ಕೂತು ಹೋಗಿಬರುವವರ ಸದ್ದು ಕೇಳುವುದಕ್ಕೆ ತಯಾರಿಲ್ಲ.

ಆ ವಾರವೇ ಮಾಯವ್ವನ ಪ್ರಯತ್ನ ಶುರುವಾಯಿತು. ಮೊದಲು ಮೇಜನ್ನು ತಿರುಗಿಸಿದಳು. ಬಾಗಿಲು ಬೆನ್ನ ಹಿಂದಿದ್ದರೆ ಬಾಗಿಲೇ ಗಾಜಿನಲ್ಲಿ ಮೂಡುತ್ತದೆ. ಎದುರಿಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಬೆಳಕು ಮಗ್ಗುಲಿಂದ ಬರಬೇಕು. ಆಮೇಲೆ ಪರದೆಗೊಂದು ಕೊಪ್ಪೆ. ಮಳೆಯಲ್ಲಿ ಕುರಿ ಕಾಯುವವರು ತಲೆಗೆ ಕಂಬಳಿಯ ಕೊಪ್ಪೆ ಹಾಕುತ್ತಾರಲ್ಲ, ಅದೇ ನಮೂನೆ. ಅಂಗಡಿಯಲ್ಲಿ ಹಳೆಯ ರಟ್ಟಿನ ಪಟ್ಟಿಗಳಿಗೆ ಬರವಿಲ್ಲ. ಅವನ್ನೇ ಒಂದಕ್ಕೊಂದು ಹೊಲಿದು ಪರದೆಯ ಮೇಲೆ, ಎರಡೂ ಬದಿ ಇಳಿಯುವ ಹಾಗೆ ನಿಲ್ಲಿಸಿದಳು. ಬಿಸಿಲು ಏರಿತು. ಪಟ್ಟಿಯ ತೂತುಗಳಿಂದ ಬೆಳಕು ತೂರಿ, ಪರದೆಯ ತುಂಬ ಯಾವುದೋ ಹಳೆಯ ಸೀರೆಯ ಸೆರಗು ಬಿತ್ತು!

"ನಾ ಎತ್ತು ಎತ್ತು ಅಂತ ಹೇಳ್ಕೋತ ಹೊಂಟೇನ್ರಿ," ಸಿದರಾಯ ಹೊಟ್ಟೆ ಹಿಡಿದು ನಗುತ್ತಾರೆ. "ಎಲ್ಲಿಂದ ಬಂತ ಇಷ್ಟ ಹೂವು, ಸಾವ್ಕಾರ ಇವತ್ತ ಧಾರಾಳ ಆಗ್ಯಾನ ಅಂದೆ."

"ಹತ್ತು ಮಂದಿ ಕೂಡಿ ಇಂಥಾ ಶಾಣ್ಯಾತನ ಮಾಡಾಕ ಆಗೂದಿಲ್ಲ, ನಾ ಒಬ್ಬಾಕಿನ ಮಾಡಿದ್ದೆ," ಎನ್ನುತ್ತಾಳೆ ಮಾಯವ್ವ. ಕೊಪ್ಪೆಗೆ ಒಳಗಿನಿಂದ ಕರಿ ಕಂಬಳಿಯ ತುಂಡು ಹೊಲಿದ ಮೇಲೆ ಸೆರಗು ಹೋಯಿತು.

ಕಂಬಳಿಯನ್ನು ಹೊಲಿಯುತ್ತ ಕೂತಾಗಲೇ ಆಕೆಗೆ ಅತ್ತೆಯ ನೆನಪಾಯಿತಂತೆ. ಉಣ್ಣೆ ಆರಿಸುವಾಗ ಅತ್ತೆ ಎರಡು ಹಾಸು ಇಟ್ಟುಕೊಳ್ಳುತ್ತಿದ್ದಳು. ಕರಿ ಉಣ್ಣೆ ಆರಿಸಲು ಬಿಳಿ ಧೋತರ, ಬಿಳಿ ಉಣ್ಣೆ ಆರಿಸಲು ಕರಿ ಕಂಬಳಿ. ಕಣ್ಣು ಮಂಜಾದ ಮೇಲೆ ಅತ್ತೆ ಧೋತರ ಮಡಿಚಿಟ್ಟು, ಬಿಳಿ ಉಣ್ಣೆಯನ್ನು ಮಾತ್ರ ತನಗೆ ಕೊಡಿ ಎಂದು ಕೇಳುತ್ತಿದ್ದಳು. ಕರಿಯ ಮೇಲಿನ ಬಿಳುಪು ಮುದುಕಿಗೆ ಕಾಣುತ್ತಿತ್ತು, ಬಿಳಿಯ ಮೇಲಿನ ಕಪ್ಪು ಕಾಣುತ್ತಿರಲಿಲ್ಲ.

ಡಿಸೈನಿನ ಪ್ರೋಗ್ರಾಂ ಮಾಡಿದ್ದು ಬೆಳಗಾವಿಯ ಒಂದು ಸಣ್ಣ ಕಂಪನಿ. ಅವರ ಕಡೆಯಿಂದ ರಿಪೇರಿಗೆ ಬರುವ ಗುರುಪಾದ ಎಂಬ ಹುಡುಗನನ್ನು ಮಾಯವ್ವ ಕೇಳಿದಳು, "ತಮ್ಮಾ, ಇದರ ನೆಲ ಕರಿ ಮಾಡಾಕ ಬರತೈತೇನು?" ಆತ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ಸಮಾಧಾನದಿಂದ ತೋರಿಸಿಕೊಟ್ಟ. ಚುಕ್ಕಿಗಳ ಹಿಂದಿನ ನೆಲ ಕರಿ ಆಯಿತು. ಬಿಳಿ ಚುಕ್ಕಿ ಸಿದರಾಯರ ಕಣ್ಣಿಗೆ ಚುಚ್ಚಿತು, ಅರಿಷಿಣದ ಹಳದಿ ಹೊಂದಿತು. ಚೌಕದ ಗೆರೆಗಳನ್ನು ಕಂಡೂ ಕಾಣದಷ್ಟು ಮಂಕು ಮಾಡಿ, ಹತ್ತು ಗೆರೆಗೊಂದನ್ನು ಹಸಿರು ಮಾಡಿದಳು. ಚೌಕ ದೊಡ್ಡದು ಮಾಡಿದಾಗ ಸಾಲು ತಪ್ಪತೊಡಗಿತು. ಅದಕ್ಕೆ ಕೊಪ್ಪೆಯ ಎರಡು ಬದಿಗೆ ಕಚ್ಚು ಕೊಯ್ದು ಒಂದು ಕೆಂಪು ನೂಲನ್ನು ಅಡ್ಡ ಕಟ್ಟಿದಳು. ಒಂದು ಸಾಲು ಓದಿದಂತೆ ನೂಲು ಒಂದು ಕಚ್ಚು ಕೆಳಗೆ ಇಳಿಯುತ್ತದೆ. ದೊಡ್ಡವಳಾದ ಮೇಲೆ ರಾತ್ರಿ ಸಾಲೆಯಲ್ಲಿ, ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಕಲಿತ ನನ್ನಂಥವರಿಗೆ ಆ ನೂಲಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ತೊಡಕು. ಕರೆಂಟ್ ಹೋಗಿ ಬಂದರೆ ಪ್ರೋಗ್ರಾಂ ಎಲ್ಲವನ್ನೂ ಮರೆತು ಮತ್ತೆ ಬಿಳಿಯಾಗುತ್ತದೆ. ನಮ್ಮ ಕಡೆ ಕರೆಂಟಿನ ಸುದ್ದಿ ಬೇರೆ ಹೇಳಬೇಕೇ? ಹೋದಾಗಲೆಲ್ಲ ಮಾಯವ್ವ ಯಂತ್ರ ಬಿಟ್ಟೆದ್ದು, ‘ಒರೆಸಿ ಬರ್ತೇನಿ’ ಎಂದು ನೆವ ಹೇಳಿ, ಬಣ್ಣ ಹೊಂದಿಸಿ ಬರುತ್ತಿದ್ದಳು. ಸಾವಕಾರರಿಗೆ ಅದು ಆಕೆಯ ಸ್ವಚ್ಛತೆಯ ಹುಚ್ಚು. ಕರಿ ನೆಲದ ಬಗ್ಗೆ ಅವರು ಕೇಳಿದಾಗ, ನವಿರು ಬಿದ್ದರೆ ಗುರುತು ಸಿಗಲಿ ಎಂದು ಇಬ್ಬರೂ ಹೇಳಿದ್ದರು. ಅದು ಖರೆಯೂ ಆಗಿತ್ತು.

ಒಂದೂವರೆ ವರ್ಷದ ಹಿಂದೆ ಗುರುಪಾದ ಒಂದು ಸುದ್ದಿ ತಂದ. ಕಂಪನಿ ಹೊಸ ಪ್ರೋಗ್ರಾಂ ಕಟ್ಟುತ್ತಿದೆ; ಅದರಲ್ಲಿ ನೆಲ ಕಾಗದದ ಹಾಗೆ ಬಿಳಿಯೇ, ಬದಲಿಸಲು ಬರುವುದಿಲ್ಲ. "ನಿಮಗ ಕರಿ ಬೇಕಂದ್ರ ಬರದು ಕಳಸ್ರಿ ಅಕ್ಕಾ. ಯಾರಿಗೆ, ಯಾಕ ಬೇಕು ಅಂತ ಬರದು ಅಂಗಡಿ ಶಿಕ್ಕಾ ಹೊಡಸ್ರಿ. ಬಾಯಿ ಮಾತ ಅಲ್ಲಿ ಯಾರೂ ಕೇಳೂದಿಲ್ಲ." ಮಾಯವ್ವ ಕಲಿತದ್ದು ನಾಲ್ಕನೆಯ ಇಯತ್ತೆ. ಮೂರು ದಿನ ಕೂತು ಒಂದು ಪತ್ರ ಬರೆದಳು: ‘ನಮ್ಮ ಅಂಗಡಿಯ ಒಬ್ಬ ಹಿರಿಯರಿಗೆ ಕಣ್ಣು ಮಂಜಾಗಿರುತ್ತದೆ. ಅವರಿಗೆ ಬಿಳಿ ನೆಲದ ಮೇಲೆ ಕಾಣುವುದಿಲ್ಲ, ಕರಿ ನೆಲದ ಮೇಲೆ ಕಾಣುತ್ತದೆ. ಹೊಸದರಲ್ಲಿ ಕರಿ ನೆಲ ಇಡಬೇಕು, ಮತ್ತು ಕರೆಂಟ್ ಹೋದರೂ ಅದು ಹಾಗೇ ಉಳಿಯಬೇಕು.’

ಶಿಕ್ಕಾ, ಅಂದರೆ ಅಂಗಡಿಯ ಮುದ್ರೆ, ಇರುವುದು ಸಾವಕಾರರ ಹತ್ತಿರ. ಅವರು ಓದದೆ ಶಿಕ್ಕಾ ಹೊಡೆಯುವ ಪೈಕಿ ಅಲ್ಲ. ಸಿದರಾಯ ಕಡ್ಡಿ ಮುರಿದಂತೆ ಹೇಳಿದರು, "ಮಾಯವ್ವ, ನನ್ನ ಕಣ್ಣಿನ ಸುದ್ದಿ ಕಾಗದಕ್ಕ ಏರಿಸಬ್ಯಾಡ. ಏರಿತಂದ್ರ ನಾಳೆ ನಾ ಮನ್ಯಾಗ." ಪತ್ರ ಮಾಯವ್ವನ ಮನೆಯಲ್ಲೇ ಉಳಿಯಿತು. ಅದನ್ನು ಕಳಿಸಿದರೂ ಕುರ್ಚಿ ಹೋಗಬಹುದು, ಕಳಿಸದಿದ್ದರೂ ಹೋಗುವುದು ಖಚಿತ. ಇಷ್ಟು ಗೊತ್ತಿದ್ದೂ ಆಕೆ ಹಿರಿಯರ ಮಾತು ಮೀರಲಿಲ್ಲ.

ಈ ತಿಂಗಳು ಹೊಸದು ಬಂತು. ಗುರುಪಾದ ಚಪ್ಪಟೆ ಪರದೆಯ ಒಂದು ಕಂಪ್ಯೂಟರನ್ನು ಎಂಟು ದಿನ ನೋಡಿರಿ ಎಂದು ಇಟ್ಟು ಹೋದ. ಏನಾದರೂ ಬದಲಾಗಬೇಕಿದ್ದರೆ ಈ ತಿಂಗಳ ಒಳಗೆ ಬರೆದು ತಿಳಿಸಿರಿ, ಆಮೇಲೆ ಆಗುವುದಿಲ್ಲ ಎಂದೂ ಹೇಳಿ ಹೋದ. ಮರುದಿನ ನಾನು ಅಂಗಡಿಗೆ ಹೋದಾಗ ಪರಮಾನಂದ ಸಾವಕಾರರು ಹೊಸ ಪರದೆಯ ಹಿಂದೆ ಕೈಕಟ್ಟಿ ನಿಂತಿದ್ದರು. ಮುಂದೆ ಸಿದರಾಯ. ತೆರೆದದ್ದು ಎಲ್ಲರಿಗೂ ಪರಿಚಯದ ಮಾವಿನಕಾಯಿ ಬುಟ್ಟಾದ ಚಿತ್ರ. ಸಿದರಾಯ ಓದತೊಡಗಿದರು. "ಎರಡೆತ್ತು, ಒಂದು ಬಿಡು, ಮೂರೆತ್ತು..." ದನಿ ನೀರು ಹರಿದ ಹಾಗೆ. ಮಾಯವ್ವನ ಬೆರಳು ಅದರ ಬೆನ್ನಿಗೆ. ಹೊಸದು ಛಲೋ ನಡೆಯಿತಲ್ಲ ಎಂದುಕೊಂಡೆ.

ಮಾಯವ್ವನ ಕಾಲು ನಿಂತಿತು.

"ಯಾಕ್‌ಬೇ?" ಸಾವಕಾರರು ಕೇಳಿದರು. ಆಕೆಯ ಕಣ್ಣು ಪರದೆಯ ಮೇಲಿತ್ತು. ಅವರೇ ಪರದೆಯನ್ನು ಬಗ್ಗಿ ನೋಡಿ, "ಸಿದರಾಯ ಕಾಕಾ, ಇನ್ನೊಮ್ಮೆ ಓದು ಆ ಸಾಲು," ಎಂದರು. ಸಿದರಾಯ ಅದನ್ನೇ ಓದಿದರು. ಸಾವಕಾರರು ತಡೆದರು. "ಎಡಕಿನ ಎಲಿ ನಿನ್ನೆ ನಾನ ತಗದೇನಿ ಕಾಕಾ. ಇಲ್ಲಿ ಎಲಿ ಇಲ್ಲ. ನೀ ಓದಾಕತ್ತಿದ್ದು ಹಳೇ ಬುಟ್ಟಾ. ಎಲ್ಲೈತಿ ಎಲಿ? ಬಟ್ಟ ಇಟ್ಟು ತೋರ್ಸು."

ಸಿದರಾಯ ಬೆರಳು ಎತ್ತಿದರು. ಬೆರಳು ಗಾಜಿನ ಸಮೀಪ ಹೋಗಿ ಗಾಳಿಯಲ್ಲಿ ನಿಂತುಕೊಂಡಿತು. ಹೊರಗೆ ಮಗ್ಗಗಳ ಸದ್ದು.

"ಕಾಣವಲ್ದು ಸಾವ್ಕಾರ್ರ," ಎಂದರು ಸಿದರಾಯ. ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. "ನೆಪ್ಪಿನ ಮ್ಯಾಲೆ ಓದಿದೆ. ಬಿಳಿದರ ಮ್ಯಾಲೆ ನನಗ ಏನೂ ಕಾಣೂದಿಲ್ಲ. ಮೂರು ವರ್ಷ ಆತು."

"ಮೂರು ವರ್ಷ?" ಸಾವಕಾರರ ದನಿ ಏರಿತು. "ಅರ್ಧಾ ಊರಿನ ಮಗ್ಗ ನಿನ್ನ ಮಾತಿನ ಮ್ಯಾಲೆ ಓಡತಾವು! ಮೂರು ವರ್ಷ ಯಾರ ಓದಿದ್ರು ಹಂಗಾದ್ರ?"

"ನಾನ ಓದೇನಿ. ಕಾಣೂ ಹಂಗ ಈಕಿ ಮಾಡಿದ್ಲು, ಕಂಡದ್ದನ್ನ ನಾ ಓದಿದೆ. ಇವತ್ತ ಕಾಣಲಾರದ್ದನ್ನ ಓದಿದೆ. ಅದು ತಪ್ಪು. ಅದಕ್ಕ ಏನರ ಅನ್ರಿ. ಅದಕಿಂತ ಹಿಂದಿಂದಕ್ಕ ಅನಬ್ಯಾಡ್ರಿ."

ಮಾಯವ್ವ ಎದ್ದು ಹಳೆಯ ಕಂಪ್ಯೂಟರಿನಲ್ಲಿ ಅದೇ ಬುಟ್ಟಾ ತೆರೆದಳು, ಎಲೆ ತೆಗೆದದ್ದನ್ನು. ನೆಲ ಕರಿ ಮಾಡಿ, ಚೌಕ ದೊಡ್ಡದು ಮಾಡಿ, ನೂಲನ್ನು ಮೇಲಿನ ಕಚ್ಚಿಗೆ ಏರಿಸಿದಳು. "ಬಾ ಕಾಕಾ." ಸಿದರಾಯ ಕುರ್ಚಿ ಬದಲಿಸಿ ಕೂತರು. ಈ ಸಲ ದನಿ ನೀರಿನ ಹಾಗೆ ಹರಿಯಲಿಲ್ಲ. ಒಂದೊಂದೇ ಚೌಕ ನೋಡಿ, ನಡುನಡುವೆ ನಿಂತು, ನೂಲು ಇಳಿಸಿ ಓದಿದರು. ಎಡಗಡೆಯ ಎಲೆ ಇದ್ದ ಜಾಗ ಬಂದಾಗ ‘ಬಿಡು, ಬಿಡು, ಬಿಡು’ ಎಂದು ಬಿಟ್ಟುಕೊಂಡೇ ಹೋದರು. ಸಾವಕಾರರು ಇಳಿದ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಪರದೆಯ ಜೊತೆ ತಾಳೆ ನೋಡಿದರು. ಬಹಳ ಹೊತ್ತು ನೋಡಿದರು.

"ಸರಿ ಐತಿ," ಎಂದು ಕೊನೆಗೆ ಅಂದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ ತಾವೂ ಕೊಪ್ಪೆಯೊಳಗೆ ತಲೆ ಹಾಕಿದರು. "ಇದು ನನಗೂ ತಂಪ ಅನಸ್ತದ. ಹೇಳಿದ್ರ ಏನಾಗತಿತ್ತೋ ಮಾರಾಯಾ? ನಾ ಹುಲಿ ಏನು?"

"ಹುಲಿ ಅಲ್ರಿ. ಸಾವ್ಕಾರ್ರು," ಎಂದರು ಸಿದರಾಯ.

ಸಾವಕಾರರಿಗೆ ನಗೆ ಬಂತು, ಆದರೆ ಸಿಟ್ಟು ಪೂರಾ ಇಳಿದಿರಲಿಲ್ಲ. ಹೊಸದನ್ನು ಬಿಡಲು ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಎಲ್ಲ ಊರಿಗೂ ಅದೇ ಬರುತ್ತದೆ. ಹಳೆಯದು ಎಷ್ಟು ದಿನ ಬಾಳುತ್ತದೋ ಯಾರು ಬಲ್ಲರು. ಅಲ್ಲಿಯವರೆಗೆ ಸಿದರಾಯ ಹಳೆಯದರ ಮುಂದೆಯೇ ಕೂರಲಿ. "ಮುಂದಿಂದು ಕಂಪನಿ ಕೈಯಾಗ ಐತಿ."

"ಅದಕ್ಕ ಪತ್ರ ಬರದಿಟ್ಟೇನ್ರಿ," ಎಂದಳು ಮಾಯವ್ವ. ಮನೆಗೆ ಹೋಗಿ ತಂದಳು. ಮಡಿಕೆಯ ಗೆರೆಯಲ್ಲಿ ಕಾಗದ ಹಳದಿಯಾಗಿತ್ತು. ಸಾವಕಾರರು ಎರಡು ಸಲ ಓದಿದರು. "ಒಬ್ಬ ಹಿರಿಯರಿಗೆ ಅಂತ ಬರದೀ. ಹೆಸರ ಇಲ್ಲಲ್ಲ?"

ಆಕೆ ಸಿದರಾಯರ ಕಡೆ ನೋಡಿದಳು.

"ಬರಿ," ಎಂದರು ಅವರು. "ಹೆಸರಿಲ್ದ ಹೋದ್ರ ಯಾವನೋ ಮುದುಕ ಅಂದುಕೋತಾರ. ಸಿದರಾಯ, ಬನಹಟ್ಟಿ, ಮೂವತ್ತು ವರ್ಷ ಓದ್ಯಾನ, ಇನ್ನೂ ಓದವ ಅದಾನ ಅಂತ ಬರಿ." ನನ್ನ ಕಡೆ ತಿರುಗಿ, "ನೀವೂ ಪೇಪರಿನ್ಯಾಗ ಹಂಗ ಹಾಕ್ರಿ ಆಯಿ. ಇನ್ನ ಮುಚ್ಚೂದೇನೈತಿ," ಎಂದರು.

ಮಾಯವ್ವ ‘ಒಬ್ಬ ಹಿರಿಯರಿಗೆ’ ಎಂಬುದರ ಮೇಲೆ ಅಡ್ಡಗೆರೆ ಎಳೆದು ಹೆಸರು ಬರೆದಳು. ಇನ್ನೊಂದು ಹಾಳೆಯಲ್ಲಿ ಚೊಕ್ಕಾಗಿ ಬರೆಯಬಾರದೇ ಎಂದು ನಾನು ಕೇಳಿದೆ. ಚೊಕ್ಕ ಮಾಡಲು ಕೂತರೆ ಇನ್ನೊಂದು ವರ್ಷ ಹೋಗುತ್ತದೆ ಎಂದಳು. ಸಾವಕಾರರು ಶಿಕ್ಕಾ ಹೊಡೆದು, ಅದರ ಮೇಲೆ ಸಹಿ ಹಾಕಿದರು.

ಬನಹಟ್ಟಿಯ ಅಂಚೆ ಕಚೇರಿಯಲ್ಲಿ ಮಧ್ಯಾಹ್ನ ನಾಲ್ಕೈದು ಜನರ ಸಾಲು. ಸಾಲಿನಲ್ಲಿ ನಿಂತಾಗ ನಾನು ಮಾಯವ್ವನನ್ನು ಕೇಳುತ್ತೇನೆ, ಕಂಪನಿಯವರು ಒಪ್ಪದಿದ್ದರೆ?

"ಮತ್ತೊಂದ ಬರೀತೇನ್ರಿ. ಹೆಸರ ಹಾಕಿ ಬರಿಯೂದು ಸಸಾರ ಐತಿ, ಇವತ್ತ ಗೊತ್ತಾತು." ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದು, "ಕಾಕಾನಂಥವರು ಇನ್ನೆಷ್ಟ ಅಂಗಡ್ಯಾಗ ನೆಪ್ಪಿನ ಮ್ಯಾಲೆ ಓದಾಕತ್ಯಾರೋ. ಅವರಿಗೂ ಕಂಡ್ರ ಸಾಕ್ರಿ," ಎನ್ನುತ್ತಾಳೆ.

ಅವಳ ಸರದಿ ಬರುತ್ತದೆ. ಗುಮಾಸ್ತರು ಲಕೋಟೆ ತಿರುವಿ ವಿಳಾಸ ಓದಿ, ರಿಜಿಸ್ಟರೋ ಸಾದಾವೋ ಎಂದು ಕೇಳುತ್ತಾರೆ. ರಿಜಿಸ್ಟರ್ ಎನ್ನುತ್ತಾಳೆ ಮಾಯವ್ವ, ಕೈ ಮಾತ್ರ ಇನ್ನೂ ಲಕೋಟೆಯ ಮೂಲೆ ಹಿಡಿದಿದೆ. "ಬಿಡಬೇ ಯವ್ವಾ, ನಾ ಏನ ತಿನ್ನೂದಿಲ್ಲ," ಎಂದು ಗುಮಾಸ್ತರು ನಗುತ್ತಾರೆ. ಆಕೆಯೂ ನಕ್ಕು ಕೈ ತೆಗೆಯುತ್ತಾಳೆ. ಅವರು ಚೀಟಿ ಅಂಟಿಸಿ, ಎರಡು ಮುದ್ರೆ ಒತ್ತಿ, ಪತ್ರವನ್ನು ಬೆಳಗಾವಿಯ ಚೀಲಕ್ಕೆ ಹಾಕುತ್ತಾರೆ.